ಮೊದಲು ಕಂಡವರ ಮೊಸಳೆ

ಕೆರೆದಂಡೆಯ ಆ ಕುಟುಂಬ ರೆಸಾರ್ಟಿನಲ್ಲಿ ಕಳೆದ ನಾಲ್ಕು ವರ್ಷಗಳಿಂದ ಯಾವುದೇ ಅಪಾಯಕಾರಿ ಪ್ರಾಣಿ ಯಾರ ಕಣ್ಣಿಗೂ ಬಿದ್ದಿಲ್ಲವೆಂಬುದು ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ಹಿಂದೆ ಕಾಡು, ಮುಂದೆ ನೀರು, ಎರಡರ ನಡುವೆ ಆಳೆತ್ತರದ ಹುಲ್ಲು ಇರುವ ಜಾಗದಲ್ಲಿ ಇದು ಸಣ್ಣ ಸಾಧನೆಯಲ್ಲ. ಇದರ ಶ್ರೇಯಸ್ಸೆಲ್ಲ ಅತಿಥಿ ಸುರಕ್ಷತಾ ನಿಯಮಾವಳಿಯ ಹದಿನಾಲ್ಕನೇ ನಿಯಮಕ್ಕೆ ಸಲ್ಲಬೇಕು. ಅದು ಹೀಗಿದೆ:

"ಆವರಣದೊಳಗೆ ಅಪಾಯಕಾರಿ ವನ್ಯಜೀವಿಯನ್ನು ಯಾರು ಮೊದಲು ಕಾಣುತ್ತಾರೋ ಅವರು ಕೂಡಲೇ ವೀಕ್ಷಣಾ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಸಹಿ ಮಾಡಿದ ಕ್ಷಣದಿಂದ, ಸಕ್ಷಮ ಅಧಿಕಾರಿಗಳು ಬಂದು ವಹಿಸಿಕೊಳ್ಳುವವರೆಗೆ, ಸದರಿ ಪ್ರಾಣಿಯ ಊಟ, ವಸತಿ, ನಡತೆ ಇವುಗಳ ಪೂರ್ಣ ಹೊಣೆ ಸದರಿ ವ್ಯಕ್ತಿಯದೇ ಆಗಿರತಕ್ಕದ್ದು."

ಈ ನಿಯಮ ಬರುವ ಮುಂಚೆ ಅಲ್ಲಿ ಶಿಸ್ತೆಂಬುದೇ ಇರಲಿಲ್ಲ. ಯಾರೋ ಹಾವು ಅಂತ ಕೂಗುತ್ತಿದ್ದರು, ಇನ್ನಾರೋ ಕೋಲು ತರುತ್ತಿದ್ದರು, ಮತ್ತಾರೋ ಅಧಿಕಾರಿಗಳಿಗೆ ಫೋನ್ ಮಾಡುತ್ತಿದ್ದರು. ಕೊನೆಗೆ ಹೊಣೆ ಯಾರದು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಿಯಮ ಬಂದ ಮೊದಲ ತಿಂಗಳಲ್ಲೇ ತೋಟದ ಮಾಲಿ ತಾತ ಹೂಕುಂಡದ ಹಿಂದೆ ಒಂದು ಹಾವು ಕಂಡ. ಮುಗ್ಧ ಮನುಷ್ಯ, ಓಡಿ ಬಂದು ಸಹಿ ಹಾಕಿಬಿಟ್ಟ. ಅಂದಿನಿಂದ ಹಾವು ಮುಚ್ಚಳವಿರುವ ಒಂದು ತಗಡಿನ ಡಬ್ಬಿಯಲ್ಲಿ ಅವನ ಜೊತೆಗಿದೆ. ತಂಗಿಯ ಮಗಳ ಮದುವೆಗೆ ಹೋದಾಗಲೂ ಡಬ್ಬಿ ಕಂಕುಳಲ್ಲೇ ಇತ್ತು. ಹಾವು ಸತ್ತು ಎರಡು ವರ್ಷವಾಯಿತು. ಆದರೆ ಅದು ಸತ್ತಿದೆಯೆಂದು ಹೇಳುವ ಅಧಿಕಾರವಿರುವುದು ಸಕ್ಷಮ ಅಧಿಕಾರಿಗಳಿಗೆ ಮಾತ್ರ, ಅವರು ಇನ್ನೂ ಬಂದಿಲ್ಲ. ಹಾಗಾಗಿ ತಾತ ಪ್ರತಿ ಸೋಮವಾರ ಹಾವು ಕುಶಲವಾಗಿದೆಯೆಂದು ವರದಿ ಕೊಡುತ್ತಾನೆ. ಅವನ ನಂತರ ಅಲ್ಲಿ ಯಾರಿಗೂ ಏನೂ ಕಂಡಿಲ್ಲ.

ವೀಕ್ಷಣಾ ಪುಸ್ತಕವನ್ನು ನೋಡಿಕೊಳ್ಳುವ ಕೆಲಸ ಸುರಕ್ಷತಾ ಮೇಲ್ವಿಚಾರಕನದು. ಅವನನ್ನು ಎಲ್ಲರೂ ಬೋರ್ಡಣ್ಣ ಎನ್ನುತ್ತಿದ್ದರು, ಏಕೆಂದರೆ ಅವನ ಉಳಿದ ಕೆಲಸವೆಲ್ಲ ಬೋರ್ಡು ಬರೆಯುವುದೇ. 'ಮುಂದೆ ಮೆಟ್ಟಿಲುಗಳಿವೆ' ಎಂದು ಮೇಲೊಂದು, 'ಮೆಟ್ಟಿಲುಗಳು ಮುಗಿದವು' ಎಂದು ಕೆಳಗೊಂದು. ಸ್ವಭಾವದಲ್ಲಿ ಒಳ್ಳೆಯವನು. ಯಾರಿಗೂ ನೋವಾಗಬಾರದು ಎನ್ನುವವನು, ಅದರಲ್ಲೂ ತನಗೆ ಆಗಬಾರದು ಎನ್ನುವವನು.

ಒಂದು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅವನು ದೋಣಿಕಟ್ಟೆಯ ಬಳಿ ಕೂತು ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದಾಗ ಕೆರೆಯಿಂದ ಒಂದು ಮೊಸಳೆ ತಲೆ ಎತ್ತಿತು. ಹತ್ತು ಅಡಿಗೆ ಮೋಸವಿಲ್ಲ. ಬೋರ್ಡಣ್ಣ ಮೊಸಳೆಯನ್ನು ನೋಡಿದ, ಮೊಸಳೆ ಬೋರ್ಡಣ್ಣನನ್ನು ನೋಡಿತು. ಇಬ್ಬರಲ್ಲಿ ಹದಿನಾಲ್ಕನೇ ನಿಯಮಕ್ಕೆ ಒಳಪಟ್ಟವನು ಬೋರ್ಡಣ್ಣ ಒಬ್ಬನೇ. ಅವನು ಮಾಲಿ ತಾತನ ಡಬ್ಬಿಯನ್ನು ನೆನೆದುಕೊಂಡ, ಮೊಸಳೆಗೆ ಎಷ್ಟು ದೊಡ್ಡ ಡಬ್ಬಿ ಬೇಕಾದೀತೆಂದು ಲೆಕ್ಕ ಹಾಕಿದ, ಆಮೇಲೆ ಮೆಲ್ಲಗೆ ಬೆನ್ನು ತಿರುಗಿಸಿ ಬಣ್ಣ ಹಚ್ಚುವುದನ್ನು ಮುಂದುವರಿಸಿದ. ಆ ದಿನ ಬರೆದ ಅಕ್ಷರಗಳೆಲ್ಲ ಸೊಟ್ಟಗೆ ಬಂದವು.

ಎರಡೇ ದಿನದಲ್ಲಿ ವಿಷಯ ಇಡೀ ಸಿಬ್ಬಂದಿಗೆ ಗೊತ್ತಾಯಿತು. ಆದರೆ ಯಾರೂ ಏನನ್ನೂ ಕಾಣಲಿಲ್ಲ. ಅಡುಗೆಭಟ್ಟ ಅದನ್ನು ಮೊದಲಿಗೆ 'ದಿಮ್ಮಿ' ಎಂದ, ಎಲ್ಲರಿಗೂ ಹಾಯೆನಿಸಿತು. ದಿಮ್ಮಿ ಇವತ್ತು ಬಿಸಿಲು ಕಾಯ್ತಾ ಇತ್ತು, ದಿಮ್ಮಿ ಬಾತುಕೋಳಿ ನುಂಗ್ತು ಎಂದು ಮಾತಾಡಿಕೊಂಡು ಆರಾಮವಾಗಿದ್ದರು. ಹಂಸದ ಆಕಾರದ ಪೆಡಲ್ ದೋಣಿಯ ಕತ್ತು ಮಂಗಳವಾರ ಕಾಣೆಯಾದಾಗ ಸಾಮಾನುಪಟ್ಟಿಯಲ್ಲಿ 'ಸವೆತದಿಂದ ಉದುರಿದೆ' ಎಂದು ಬರೆಯಲಾಯಿತು. ಬುಧವಾರ ಮ್ಯಾನೇಜರ್ ಮೇಡಂ ಸುತ್ತೋಲೆ ಹೊರಡಿಸಿದರು:

"ಕೆರೆಯಲ್ಲಿ ತೇಲುತ್ತಿರುವ ದಿಮ್ಮಿಯ ಕುರಿತು. ಒಂದು: ದಿಮ್ಮಿಯು ದಿಮ್ಮಿಯೇ ಆಗಿರುತ್ತದೆ. ಎರಡು: ದಿಮ್ಮಿಯು ದಡಕ್ಕೆ ಬಂದಲ್ಲಿ ಸಿಬ್ಬಂದಿ ಓಡತಕ್ಕದ್ದಲ್ಲ. ಓಡಿದಲ್ಲಿ, ಏನನ್ನೋ ಕಂಡಿದ್ದಾರೆಂಬುದಕ್ಕೆ ಅದನ್ನೇ ಸಾಕ್ಷ್ಯವೆಂದು ಪರಿಗಣಿಸಲಾಗುವುದು. ಬೇರೆ ಕೆಲಸ ನೆನಪಾದವರಂತೆ ಚುರುಕಾಗಿ ನಡೆಯಬಹುದು. ಮೂರು: ದಿಮ್ಮಿಯು ಆಕಳಿಸಿದಲ್ಲಿ ಹಲ್ಲುಗಳನ್ನು ಎಣಿಸಬಾರದು."

ಅತಿಥಿಗಳ ವಿಷಯದಲ್ಲೂ ಯಾವ ತೊಂದರೆಯೂ ಆಗಲಿಲ್ಲ. ಹದಿನಾಲ್ಕನೇ ನಿಯಮದಲ್ಲಿರುವುದು 'ಯಾರು' ಎಂದು, 'ಯಾವ ನೌಕರರು' ಎಂದಲ್ಲ. ರೂಮಿನ ಅರ್ಜಿಯ ಕೆಳಗೆ ಅದನ್ನು ಅಚ್ಚು ಹಾಕಿಸಲಾಗಿತ್ತು, ರಿಸೆಪ್ಷನ್ನಿನಾಕೆ ಎಲ್ಲರಿಗೂ ನಗುನಗುತ್ತ ಓದಿ ಹೇಳುತ್ತಿದ್ದಳು. ಕೇಳಿಸಿಕೊಂಡ ನಿವೃತ್ತ ಹೆಡ್ಮಾಸ್ತರರೊಬ್ಬರು ಸಹಿ ಮಾಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮತ್ತೆ ಅದನ್ನು ಹಾಕಲೇ ಇಲ್ಲ, ಗೋಡೆ ತಡವಿಕೊಂಡೇ ಊಟಕ್ಕೆ ಬರುತ್ತಿದ್ದರು. ಆ ವಾರ ಬಂದ ಅತಿಥಿಗಳಿಗೆಲ್ಲ ಏಕೋ ನೆಗಡಿ, ಯಾರೂ ನೀರಿಗಿಳಿಯಲಿಲ್ಲ. ಕೆರೆಯ ಕಡೆ ಕಿಟಕಿಯಿರುವ ರೂಮುಗಳಲ್ಲಿ ಪರದೆ ಸರಿಸಿದವರಿಲ್ಲ.

ಎಲ್ಲ ಹೀಗೆ ಸುಸೂತ್ರವಾಗಿ ನಡೆದಿರುವಾಗ ಬೋರ್ಡಣ್ಣನ ಸಂಸಾರ ಬರುವ ದಿನ ಹತ್ತಿರವಾಯಿತು.

ನೌಕರರ ಕುಟುಂಬಕ್ಕೆ ಆರು ವರ್ಷಕ್ಕೊಮ್ಮೆ ಮೂರು ದಿನ ಅಲ್ಲಿ ತಂಗುವ ಅವಕಾಶವಿತ್ತು, ನೌಕರನೂ ಸೇರಿ ನಾಲ್ಕು ಜನಕ್ಕೆ. ಈ ಸಲ ಬೋರ್ಡಣ್ಣನ ಸರದಿ. ಹೆಂಡತಿ, ಏಳು ವರ್ಷದ ಮಗಳು ಪುಟ್ಟಿ, ಅತ್ತೆ ಮೂವರೂ ಶನಿವಾರ ಬರುವುದೆಂದು ನಿಶ್ಚಯವಾಗಿತ್ತು. ಪುಟ್ಟಿ ನಾಲ್ಕು ತಿಂಗಳಿಂದ ಈಜು ಕಲಿಯುತ್ತಿದ್ದಳು. ಕಲಿಯುವುದೆಲ್ಲ ಈ ಕೆರೆಗಾಗಿಯೇ. ಅಪ್ಪನ ಜೊತೆ ನಡುನೀರಿನ ತೇಲುಕಟ್ಟೆ ಮುಟ್ಟಿ ಬರುತ್ತೇನೆಂದು ಶಾಲೆಯಲ್ಲೆಲ್ಲ ಹೇಳಿಕೊಂಡಾಗಿತ್ತು. ಬೋರ್ಡಣ್ಣ ಬುಧವಾರ ರಾತ್ರಿಯೆಲ್ಲ ನೆಪ ಹುಡುಕಿದ. ಗುರುವಾರ ಹೆಂಡತಿಗೆ ಫೋನ್ ಮಾಡಿದ.

"ಈ ಸಲ ಬರೋದು ಬೇಡ ಕಣೇ. ಕೆರೆ ನೀರು ಸರಿ ಇಲ್ಲ."

"ಏನಾಗಿದೆ ನೀರಿಗೆ?"

"ನೀರಿಗೇನೂ ಆಗಿಲ್ಲ. ನೀರಲ್ಲೊಂದು ದಿಮ್ಮಿ ಇದೆ."

"ದಿಮ್ಮಿ ಇದ್ರೆ ನಮಗೇನ್ರೀ? ಅಮ್ಮ ಆಗ್ಲೇ ಬ್ಯಾಗ್ ತುಂಬ್ಕೊಂಡು ಬಾಗಿಲ ಹತ್ರ ಕೂತಿದಾರೆ. ಬೇಡ ಅನ್ನೋದಿದ್ರೆ ನೀವೇ ಹೇಳಿ, ಕೊಡ್ತೀನಿ ಫೋನು."

"ಬೇಡ ಬೇಡ, ಬನ್ನಿ," ಎಂದು ಬೋರ್ಡಣ್ಣ ಫೋನ್ ಇಟ್ಟುಬಿಟ್ಟ. ಮದುವೆಯಾದ ಹತ್ತು ವರ್ಷದಲ್ಲಿ ಅವನು ಅತ್ತೆಗೆ ಬೇಡ ಎಂದು ಹೇಳಿದ್ದು ಒಂದೇ ಸಲ, ಅದೂ ಎರಡನೇ ಸಲ ಬಡಿಸಲು ಬಂದಾಗ. ಆಗಲೂ ಅವರು ಬಡಿಸಿಯೇ ಹೋಗಿದ್ದರು.

ಬೇರೆ ದಾರಿ ಕಾಣದೆ ಅವನು ಮ್ಯಾನೇಜರ್ ಮೇಡಂ ಕೋಣೆಗೆ ಹೋದ.

"ಮೇಡಂ, ಆ ದಿಮ್ಮಿ ವಿಷಯ."

"ಯಾವ ದಿಮ್ಮಿ?"

"ಸುತ್ತೋಲೆಯಲ್ಲಿರೋದು ಮೇಡಂ."

"ಓಹೋ, ಅದಾ. ಕೂತ್ಕೊಳ್ಳಿ, ಹೇಳಿ."

"ಅಧಿಕಾರಿಗಳಿಗೆ ಒಂದು ಫೋನ್ ಮಾಡಿದ್ರೆ ಬಂದು ಹಿಡ್ಕೊಂಡು ಹೋಗ್ತಿದ್ರೇನೋ."

"ದಿಮ್ಮಿ ಹಿಡಿಯೋಕೆ ಅಧಿಕಾರಿಗಳು ಯಾಕ್ರೀ ಬರ್ತಾರೆ? ಅದಕ್ಕೆ ಮರದ ಡಿಪೋದವರನ್ನ ಕರೀಬೇಕು. ನಿನ್ನೆನೇ ಕರೆಸಿದ್ದೆ."

ಅದು ನಿಜ. ಡಿಪೋದವನು ಗರಗಸ, ಹಗ್ಗ ಎಲ್ಲ ತಂದಿದ್ದ. ರಿಸೆಪ್ಷನ್ನಿನಲ್ಲಿ ಅವನಿಗೂ ಹದಿನಾಲ್ಕನೇ ನಿಯಮ ಓದಿ ಹೇಳಿದ್ದರು. ದಡದಲ್ಲಿ ಐದು ನಿಮಿಷ ನಿಂತು, "ಮರ ಇನ್ನೂ ಹಸಿ ಇದೆ, ಒಣಗಿದ ಮೇಲೆ ಹೇಳಿ ಕಳಿಸಿ" ಎಂದು ಹೋಗಿಬಿಟ್ಟಿದ್ದ. ಹೋಗುವಾಗ ಗರಗಸವನ್ನು ಅಲ್ಲೇ ಮರೆತಿದ್ದ, ಇವತ್ತಿನವರೆಗೂ ತೆಗೆದುಕೊಂಡು ಹೋಗಲು ಬಂದಿಲ್ಲ.

"ಮಗಳು ಬರ್ತಾಳೆ ಮೇಡಂ. ನೀರಿಗೆ ಇಳೀತಾಳೆ."

ಮ್ಯಾನೇಜರ್ ಮೇಡಂ ಅವನ ಮುಖವನ್ನು ಕನಿಕರದಿಂದ ನೋಡಿದರು. ಅವರೂ ಇಬ್ಬರು ಮಕ್ಕಳ ತಾಯಿ. ವೀಕ್ಷಣಾ ಪುಸ್ತಕ ತರಿಸಿ, ಅವನ ಮುಂದಿಟ್ಟು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು.

"ನೋಡಿ, ಯಾರಾದ್ರೂ ಕಂಡಿದ್ರೆ ತಾನೇ ನಾನು ಮೇಲಕ್ಕೆ ಬರೆಯೋಕಾಗೋದು? ನೀವು ಏನಾದ್ರೂ ಕಂಡಿದೀರಾ?"

ಬೋರ್ಡಣ್ಣ ಪೆನ್ನು ನೋಡಿದ. ಕಿಟಕಿಯಾಚೆ ಮಾಲಿ ತಾತ ಡಬ್ಬಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸುತ್ತಿದ್ದುದನ್ನೂ ನೋಡಿದ. "ಇಲ್ಲ ಮೇಡಂ" ಎಂದ. ಹೊರಗೆ ಬಂದ ಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಮಗಳಿಗಿಂತ ಒಂದು ಡಬ್ಬಿ ಹೆಚ್ಚಾಯಿತೇ ಎಂದು ಮನಸ್ಸು ಚುಚ್ಚಿತು, ಆದರೂ ವಾಪಸು ಹೋಗುವ ಧೈರ್ಯ ಬರಲಿಲ್ಲ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ಶುಕ್ರವಾರವೆಲ್ಲ ಕೂತು ಹನ್ನೊಂದು ಬೋರ್ಡು ಬರೆದು, ರೂಮಿನಿಂದ ಕೆರೆಯವರೆಗೆ ಸಾಲಾಗಿ ನೆಟ್ಟ. ಮೊಸಳೆಯ ಸುದ್ದಿ ಎತ್ತದೆ ಮಗುವನ್ನು ಹೆದರಿಸಬೇಕಾಗಿತ್ತು, ಅದು ಅಂದುಕೊಂಡಷ್ಟು ಸುಲಭವಲ್ಲ.

ಶನಿವಾರ ಹನ್ನೆರಡಕ್ಕೆ ಬಸ್ಸಿಳಿದ ಪುಟ್ಟಿ ಈಜುಡುಗೆಯನ್ನು ಮನೆಯಿಂದಲೇ ಹಾಕಿಕೊಂಡು ಬಂದಿದ್ದಳು. ಬ್ಯಾಗು ಇಳಿಸುವ ಮೊದಲೇ ಕೆರೆಯತ್ತ ಹೊರಟಳು. ಒಂದೊಂದೇ ಬೋರ್ಡು ಗಟ್ಟಿಯಾಗಿ ಓದುತ್ತ ಹೋದಳು.

"ನೀರು ತುಂಬಾ ತಣ್ಣಗಿದೆ. ನೀರು ಕೆಲವೊಮ್ಮೆ ಬಿಸಿಯಿರುತ್ತದೆ. ಈಜಿದರೆ ಆಯಾಸವಾಗುತ್ತದೆ. ಅಪ್ಪಾ, ಇದೆಲ್ಲ ನೀನೇ ಬರೆದಿದ್ದಾ? ಆಯಾಸವಾದರೆ ಶಾಲೆಗೆ ಹೋಗಲಾಗುವುದಿಲ್ಲ. ಅಯ್ಯೋ, ಎಷ್ಟು ಚೆನ್ನಾಗಿದೆ!"

"ಪುಟ್ಟಿ, ಮೊದಲು ಊಟ ಮಾಡೋಣ ಬಾರೇ."

"ಈಜಿ ಊಟ ಮಾಡೋಣ."

"ಐಸ್ ಕ್ರೀಮ್ ಕೊಡಿಸ್ತೀನಿ ಬಾ."

"ಈಜಿ ಐಸ್ ಕ್ರೀಮ್ ತಿನ್ನೋಣ."

ಹೆಂಡತಿ, ಅತ್ತೆ ಹಿಂದೆ ಬ್ಯಾಗು ಹಿಡಿದು ಬರುತ್ತಿದ್ದರು. ಪುಟ್ಟಿ ಹನ್ನೊಂದನೇ ಬೋರ್ಡನ್ನು ದಾಟಿ ಪಾದ ಮುಳುಗುವಷ್ಟು ನೀರಿಗೆ ಇಳಿದಳು. ಅದೇ ಹೊತ್ತಿಗೆ ಆಚೆ ದಡದ ದಿಮ್ಮಿ ಸರಕ್ಕನೆ ನೀರಿಗೆ ಜಾರಿತು.

ದಡದಲ್ಲಿದ್ದ ಸಿಬ್ಬಂದಿಯೆಲ್ಲ ಒಮ್ಮೆಗೇ ಕೆಲಸದಲ್ಲಿ ಮಗ್ನರಾದರು. ಅಡುಗೆಭಟ್ಟ ಆಕಾಶದ ಮೋಡಗಳನ್ನು ಪರೀಕ್ಷಿಸತೊಡಗಿದ. ಮಾಲಿ ತಾತ ಡಬ್ಬಿಯ ಮುಚ್ಚಳ ತೆರೆದು ಒಳಗೆ ಮುಖ ಹುದುಗಿಸಿದ. ನೆಗಡಿಯ ಅತಿಥಿಗಳು ಕರವಸ್ತ್ರದಿಂದ ಮೂಗಿನ ಜೊತೆಗೆ ಕಣ್ಣನ್ನೂ ಮುಚ್ಚಿಕೊಂಡರು. ದಿಮ್ಮಿ ನೇರವಾಗಿ, ಸದ್ದಿಲ್ಲದೆ, ಒಳ್ಳೆ ವೇಗದಲ್ಲಿ ಬರುತ್ತಿತ್ತು.

ಪುಟ್ಟಿ ನಿಂತಳು. "ಅಪ್ಪಾ, ಆ ದಿಮ್ಮಿಗೆ ಕಣ್ಣಿದೆ," ಎಂದಳು.

ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಏನನ್ನೋ ಕಂಡಿದ್ದರು. ಮ್ಯಾನೇಜರ್ ಮೇಡಂ ಎಲ್ಲಿದ್ದರೋ, ವೀಕ್ಷಣಾ ಪುಸ್ತಕ ಹಿಡಿದು ಬೇರೆ ಕೆಲಸ ನೆನಪಾದವರಂತೆ ಚುರುಕಾಗಿ ನಡೆದು ಬಂದರು. ದಡದಲ್ಲಿ ಮಂಡಿಯೂರಿ ಕೂತು ಅಕ್ಕರೆಯಿಂದ ಕೇಳಿದರು:

"ಏನು ಕಂಡೆ ಮರಿ? ಜೋರಾಗಿ ಹೇಳು ನೋಡೋಣ. ನಿಂಗೆ ಹೆಸರು ಬರೆಯೋಕೆ ಬರುತ್ತಾ?"

"ಬರುತ್ತೆ! ಇನಿಷಿಯಲ್ ಸಮೇತ ಬರುತ್ತೆ!" ಎಂದು ಪುಟ್ಟಿ ಪೆನ್ನಿಗೆ ಕೈಚಾಚಿದಳು.

ಆಗ ಬೋರ್ಡಣ್ಣ ಓಡಿದ. ಸುತ್ತೋಲೆಯ ಎರಡನೇ ಅಂಶವನ್ನು ಸಾರಾಸಗಟಾಗಿ ಉಲ್ಲಂಘಿಸಿ, ಚಪ್ಪಲಿ ಒಂದು ಕಡೆ ತಾನೊಂದು ಕಡೆ ಆಗಿ ಓಡಿದ. ಮಗಳನ್ನು ನೀರಿನಿಂದ ಬಾಚಿ ಎತ್ತಿ ಎದೆಗೆ ಅವಚಿಕೊಂಡು ಕಿರುಚಿದ:

"ಮೊಸಳೆ! ಅದು ಮೊಸಳೆ! ಮೊದಲು ಕಂಡಿದ್ದು ನಾನು! ಹೋದ ಶುಕ್ರವಾರನೇ ಕಂಡಿದೀನಿ, ಆರೂವರೆಗೆ! ಅವಳಲ್ಲ, ನಾನು!"

ಎಂಟು ದಿನದಿಂದ ಅವನ ಎದೆಯ ಮೇಲೆ ಕೂತಿದ್ದ ಭಾರ ಆ ಒಂದು ಮಾತಿಗೆ ಇಳಿದುಹೋಯಿತು. ಮಗಳ ಒದ್ದೆ ಪಾದ ಹೊಟ್ಟೆಗೆ ತಾಗಿ ತಣ್ಣಗೆನಿಸುತ್ತಿತ್ತು, ಅಷ್ಟು ಸುಖ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ.

ದಡಕ್ಕೂ ಸುಖವಾಯಿತು. ಮೊದಲು ಕಂಡವರು ಸಿಕ್ಕಿದ ಮೇಲೆ ಎರಡನೆಯವರಾಗಿ ಕಾಣುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೆಡ್ಮಾಸ್ತರರು ಕನ್ನಡಕ ಹಾಕಿಕೊಂಡು "ಓಹೋಹೋ, ಎಂಥಾ ಮೊಸಳೆ!" ಎಂದರು. ಎಲ್ಲರ ನೆಗಡಿಯೂ ವಾಸಿಯಾಯಿತು, ಕೆರೆ ಕಡೆಯ ಪರದೆಗಳೆಲ್ಲ ಸರಿದವು. ಜನ ಫೋನು ಹಿಡಿದು ಬಂದು ಫೋಟೋ ತೆಗೆದುಕೊಂಡರು. ಬಾಯಿಗೆ ಬಂದ ತುತ್ತು ತಪ್ಪಿದ ಮೊಸಳೆ ದಡಕ್ಕೆ ಬಂದು ಬಾಯಿ ಅಗಲಿಸಿ ನಿಂತಿತ್ತು. ಬ್ಯಾಗು ಕೆಳಗಿಟ್ಟ ಅತ್ತೆ ಅದನ್ನೊಮ್ಮೆ ದುರುಗುಟ್ಟಿ ನೋಡಿ, "ಬಾಯಿ ಮುಚ್ಚು!" ಎಂದರು. ಮೊಸಳೆ ಬಾಯಿ ಮುಚ್ಚಿತು. ಅಭ್ಯಾಸಬಲದಿಂದ ಬೋರ್ಡಣ್ಣನೂ ಮುಚ್ಚಿದ. ಮೊಸಳೆಯ ಮುಚ್ಚಿದ ಬಾಯಿಗೆ ಮಾಲಿ ತಾತ ಅತ್ತೆಯ ಶಾಲನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ.

ಬೋರ್ಡಣ್ಣ ಸಹಿ ಮಾಡಿದ. ಮ್ಯಾನೇಜರ್ ಮೇಡಂ ಕೈಕುಲುಕಿ ಅಭಿನಂದನೆ ಹೇಳಿದರು, ಎಂಟು ದಿನ ತಡಮಾಡಿದ್ದಕ್ಕೆ ನೋಟೀಸನ್ನೂ ಕೊಟ್ಟರು. ಆಮೇಲೆ ನಿಯಮಾವಳಿ ತಿರುವಿ ಹಾಕುತ್ತಿದ್ದವರು ಹುಬ್ಬು ಗಂಟಿಕ್ಕಿದರು.

"ಒಂದು ಸಣ್ಣ ತೊಡಕಿದೆ. ಇನ್ನು ಮೇಲೆ ಇದರ ಊಟ, ವಸತಿ ಎಲ್ಲ ನಿಮ್ಮದು. ಊಟ ವಸತಿಗೆ ನೌಕರನನ್ನ ನೆಚ್ಚಿಕೊಂಡವರು ಅಂದ್ರೆ ಅವಲಂಬಿತರು. ಅವಲಂಬಿತರು ಅಂದ್ರೆ ಕುಟುಂಬದವರು. ನಿಮ್ಮ ಕೋಟಾ ನಾಲ್ಕು. ಈಗ ಐದಾದ್ರಿ."

"ಹಾಗಾದ್ರೆ ಮೇಡಂ?"

"ಒಬ್ಬರು ಕಮ್ಮಿ ಆಗ್ಬೇಕು. ಯಾರು ಅಂತ ನೀವೇ ಹೇಳಿ."

ಬೋರ್ಡಣ್ಣನ ಕಣ್ಣು ತನಗೆ ಗೊತ್ತಿಲ್ಲದೆ ಒಂದು ಕಡೆ ತಿರುಗಿತು.

"ನನ್ನನ್ಯಾಕೆ ನೋಡ್ತೀರಿ?" ಎಂದರು ಅತ್ತೆ. "ಅಳಿಯಂದಿರ ಕಡೆಯವರು ಒಬ್ಬರು ಹೇಳದೆ ಕೇಳದೆ ಬಂದಿದಾರೆ ಅಂತ ನಾನು ಜಾಗ ಬಿಡ್ಬೇಕಾ? ಬೇಕಾದ್ರೆ ಎಲ್ಲರೂ ಒಟ್ಟಿಗೇ ಹೋಗೋಣ. ಅದೂ ಬರಲಿ. ಮನೇಲಿ ಕೈಕಾಲು ಚಾಚೋಕೆ ಹಜಾರ ಇದೆ."

ಮೇಡಂಗೆ ಈ ಪರಿಹಾರ ಬಹಳ ಹಿಡಿಸಿತು. ನಾಲ್ಕು ಗಂಟೆಗೆ ಧ್ವನಿವರ್ಧಕದಲ್ಲಿ ಪ್ರಕಟಣೆ ಕೇಳಿಬಂತು: "ಗೌರವಾನ್ವಿತ ಅತಿಥಿಗಳ ಗಮನಕ್ಕೆ. ಇಂದು ಮಧ್ಯಾಹ್ನ ಕೆರೆಯಲ್ಲಿ ಕಂಡುಬಂದದ್ದು ನಮ್ಮ ನೌಕರರೊಬ್ಬರ ಕುಟುಂಬದ ಸದಸ್ಯರೆಂದು ದೃಢಪಟ್ಟಿದೆ. ಅವರು ಕುಟುಂಬದೊಂದಿಗೆ ಊರಿಗೆ ಹೊರಟಿದ್ದಾರೆ. ಆವರಣವು ಎಂದಿನಂತೆ ವನ್ಯಜೀವಿ ಮುಕ್ತವಾಗಿರುತ್ತದೆ." ಅತಿಥಿಗಳು ಚಪ್ಪಾಳೆ ತಟ್ಟಿದರು. ವೀಕ್ಷಣಾ ಪುಸ್ತಕದ ಆ ಹಾಳೆಯನ್ನು ಹರಿದು ಸಂದರ್ಶಕರ ಪುಸ್ತಕಕ್ಕೆ ಅಂಟಿಸಲಾಯಿತು. ನಾಲ್ಕು ವರ್ಷದ ದಾಖಲೆಗೆ ಯಾವ ಭಂಗವೂ ಬರಲಿಲ್ಲ.

ಸಂಜೆಯ ಬಸ್ಸಿಗೆ ಐವರೂ ಹತ್ತಿದರು. ಹಿಂಬದಿಯಿಂದ ಬಾಲ ಎತ್ತಿಕೊಡಲು ಸಿಬ್ಬಂದಿಯೆಲ್ಲ ಬಂದಿದ್ದರು, ಒಬ್ಬಿಬ್ಬರ ಕಣ್ಣು ಒದ್ದೆಯಾಗಿತ್ತು. ಕಂಡಕ್ಟರ್ ಮೂರು ಫುಲ್ಲು, ಒಂದು ಹಾಫು ಹರಿದು, ಮೊಸಳೆಯನ್ನು ತಲೆಯಿಂದ ಬಾಲದವರೆಗೆ ನೋಡಿದ.

"ಇದು?"

"ನಮ್ಮನೆಯವರೇ," ಎಂದ ಬೋರ್ಡಣ್ಣ.

"ತೊಡೆ ಮೇಲೆ ಕೂರಿಸ್ಕೊಂಡ್ರೆ ಟಿಕೆಟ್ ಬೇಡ. ಸೀಟಲ್ಲಿ ಕೂತ್ರೆ ಫುಲ್ಲು."

ಬೋರ್ಡಣ್ಣ ತೊಡೆಯ ಮೇಲೆ ಎಷ್ಟು ಹಿಡಿಯುತ್ತದೋ ಅಷ್ಟನ್ನು ಇಟ್ಟುಕೊಂಡ. ಉಳಿದದ್ದಕ್ಕೆ ಹಿಂದಿನ ಸೀಟಿನ ಮುದುಕರು "ಪಾಪ, ಮಡಚಿಕೊಂಡು ಎಷ್ಟು ಹೊತ್ತು ಕೂರುತ್ತೆ" ಎಂದು ಸರಿದು ಜಾಗ ಮಾಡಿಕೊಟ್ಟರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ವಾಂತಿ ಗೀಂತಿ ಮಾಡುತ್ತಾ? ಕಿಟಕಿ ಪಕ್ಕ ಬೇಕಾದ್ರೆ ಬನ್ನಿ" ಎಂದಳು. ಎಷ್ಟು ತಿಂಗಳು ಎಂದೂ ವಿಚಾರಿಸಿದಳು.

ಪುಟ್ಟಿ ಮುಖ ಊದಿಸಿಕೊಂಡು ಕಿಟಕಿಗೆ ಒರಗಿದ್ದಳು. ಈಜಲು ಬಂದವಳು ಪಾದ ಮಾತ್ರ ನೆನೆಸಿಕೊಂಡು ಹೋಗುತ್ತಿದ್ದಳು. ಬೋರ್ಡಣ್ಣನಿಗೆ ಸಂಕಟವಾಯಿತು. ಒಂದು ಕೈ ಮೊಸಳೆಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಮಗಳ ತಲೆ ಸವರಿದ.

"ನನ್ನ ಮೇಲೆ ಕೋಪಾನಾ ಪುಟ್ಟಿ?"

"ನಾನೇ ಸಹಿ ಹಾಕ್ತಿದ್ದೆ. ನೀನು ಯಾಕೆ ಹಾಕ್ದೆ?"

"ನೀನು ಹಾಕಿದ್ರೆ ಇದು ಇಷ್ಟು ಹೊತ್ತಿಗೆ ನಿನ್ನ ತೊಡೆ ಮೇಲೆ ಇರ್ತಿತ್ತಮ್ಮ."

ಪುಟ್ಟಿ ಅಪ್ಪನ ತೊಡೆಯನ್ನೂ, ಅದರ ಮೇಲಿದ್ದುದನ್ನೂ, ಹಿಂದಿನ ಸೀಟಿನವರೆಗೆ ಹಬ್ಬಿದ್ದ ಉಳಿದದ್ದನ್ನೂ ಬಹಳ ಹೊತ್ತು ನೋಡಿದಳು. ಬಸ್ಸು ರೆಸಾರ್ಟಿನ ಹಿಂದಿನ ಬೇಲಿಯನ್ನು ಬಳಸಿಕೊಂಡು ನಿಧಾನವಾಗಿ ತಿರುಗಿತು. ಅಲ್ಲಿ ಮಕ್ಕಳ ಆಟದ ಅಂಗಳದ ಜಾರುಬಂಡೆಯ ತುದಿಯಲ್ಲಿ ಒಂದು ಚಿರತೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಸಂಜೆಬಿಸಿಲಿನಲ್ಲಿ ಅದರ ಒಂದೊಂದು ಚುಕ್ಕೆಯೂ ಸ್ಪಷ್ಟವಾಗಿತ್ತು. ಪುಟ್ಟಿಯ ಬಾಯಿ ಅರ್ಧ ತೆರೆಯಿತು, ಬೆರಳು ಅರ್ಧ ಎದ್ದಿತು.

ಬಸ್ಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು.

ಪುಟ್ಟಿ ಬೆರಳು ಇಳಿಸಿ, ಬಾಯಿ ಮುಚ್ಚಿ, ಪರದೆ ಎಳೆದಳು. "ಅಪ್ಪಾ," ಎಂದಳು, "ನಾನು ಏನೂ ನೋಡ್ಲಿಲ್ಲ."

"ಎಷ್ಟು ಜಾಣೆ!" ಎಂದು ಮುಂದಿನ ಸೀಟಿನ ಹೆಂಗಸು ಅವಳ ಕೆನ್ನೆ ಸವರಿ ಒಂದು ಚಾಕಲೇಟ್ ಕೊಟ್ಟಳು.